ಕಲ್ಲಚ್ಚಿನ ಮನೆಯಲ್ಲಿ ಉಳಿದದ್ದು

ನಮ್ಮಮ್ಮ ತೀರಿಕೊಂಡಾಗ ಅವಳ ಸಾಮಾನುಗಳ ಜೊತೆ ನನ್ನ ಸ್ಕೂಲ್ ಬ್ಯಾಗೂ ಹೊರಟುಹೋಯಿತು. ಅವಳ ಹತ್ತಿ ಸೀರೆಗಳು, ಕುಂಕುಮದ ಭರಣಿ, ಹಿಡಿ ಸುಟ್ಟಿದ್ದ ದೋಸೆ ಮಗುಚುವ ಕೈ, ಇವೆಲ್ಲ ಹೋಗುತ್ತವೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಬ್ಯಾಗನ್ನು ಮಾತ್ರ ಯಾರೂ ಎಣಿಸಿರಲಿಲ್ಲ. ಕಂದು ರೆಕ್ಸಿನ್ನಿನ ಬ್ಯಾಗು. ಎಡಗಡೆಯ ಬಕಲ್ಲು ಕಿತ್ತುಹೋಗಿ, ಅಲ್ಲಿ ಅಮ್ಮ ಒಂದು ದಪ್ಪ ಪಿನ್ನು ಚುಚ್ಚಿಕೊಟ್ಟಿದ್ದಳು. ಒಳಗಿದ್ದ ಪುಸ್ತಕಗಳು ನೆಲದ ಮೇಲೆ ಬ್ಯಾಗಿನ ಆಕಾರದಲ್ಲೇ ಕೂತಿದ್ದವು. ಅತ್ತಿಗೆ ಅದನ್ನು ನೋಡಿ, "ಅಯ್ಯೋ, ಓದೋ ಆಸೆ ಅತ್ತೇದು ಕಣ್ರೀ, ಇವಳದ್ದಲ್ಲ" ಎಂದಳು. ಅಳುತ್ತಿದ್ದ ನೆಂಟರು ಒಂದು ಗಳಿಗೆ ನಕ್ಕರು. ಅಣ್ಣ ಹೊಸ ಬ್ಯಾಗು ತರಲಿಲ್ಲ, ನಾನೂ ಕೇಳಲಿಲ್ಲ. ನನ್ನ ಎಂಟನೇ ಕ್ಲಾಸು ಅಲ್ಲಿಗೆ ಮುಗಿಯಿತು.

ನಮ್ಮೂರಲ್ಲಿ ಹಾಗೆಯೇ. ಸತ್ತವರದ್ದು ಏನಿದೆಯೋ ಅದು ಅವರ ಹಿಂದೆ ಹೊರಡುತ್ತದೆ. ಫೋಟೋಗೆ ಹಾಕಿದ ಹಾರ ಬಾಡತೊಡಗಿದ ಮೇಲೆ ಹೊರಡುವುದು, ಯಾರಾದರೂ ನೋಡುತ್ತಿದ್ದರೆ ಸಂಕೋಚಪಟ್ಟು ನಿಂತುಬಿಡುವುದು. ಅದಕ್ಕೇ ನೆಂಟರಿಷ್ಟರು ಒಂದು ಹಗಲು ಪೂರ್ತಿ ಗೋಡೆಗೆ ಮುಖ ಮಾಡಿ, ಸಾಮಾನುಗಳಿಗೆ ಬೆನ್ನು ಹಾಕಿ ಕೂರುತ್ತಾರೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ಮದುವೆ ಮನೆಯಲ್ಲೂ ನಾನು ಕೂರುವುದು ಹಾಗೆಯೇ.

ಬಾಯಿಮಾತಿನಲ್ಲಿ ಕೊಟ್ಟದ್ದು, ತೆಗೆದುಕೊಂಡದ್ದು ಇಲ್ಲಿ ನಡೆಯುವುದಿಲ್ಲ. ನಮ್ಮ ಬೀದಿಯ ತಿಪ್ಪಣ್ಣ ಬದುಕಿದ್ದಷ್ಟು ದಿನವೂ ಸೈಕಲ್ಲು ತನ್ನದು ಎಂದು ಹೆಂಡತಿಯ ಜೊತೆ ಜಗಳವಾಡಿದ. ಅವನು ಸತ್ತಾಗ ಸೈಕಲ್ಲು ಅಲುಗಾಡಲಿಲ್ಲ. ಆಕೆ ಎದ್ದು, ಸೆರಗು ಸಿಕ್ಕಿಸಿಕೊಂಡು, ಎಲ್ಲರೆದುರಿಗೇ ಒಂದು ಸುತ್ತು ಹೊಡೆದುಬಂದಳು. ಇನ್ನೊಂದು ಮನೆಯಲ್ಲಿ ಸೊಸೆಗೆಂದು ತಂದುಕೊಟ್ಟ ಮಿಕ್ಸಿ ಅತ್ತೆಯ ಹಿಂದೆ ಹೊರಟುಹೋಯಿತು, ಒಳಗಿದ್ದ ಚಟ್ನಿಯನ್ನು ಕಟ್ಟೆಯ ಮೇಲೆ ಬಿಟ್ಟು. ಆ ಸೊಸೆ ಅದನ್ನು ಯಾವತ್ತೂ "ಅತ್ತೆ ಮಿಕ್ಸಿ" ಎಂದೇ ಕರೆಯುತ್ತಿದ್ದಳಂತೆ. ಕೊಡುವವರು ಮನಸ್ಸಿಟ್ಟು ಕೊಟ್ಟರೆ ಸಾಲದು, ತೆಗೆದುಕೊಳ್ಳುವವರೂ ಮನಸ್ಸಿಟ್ಟು ತೆಗೆದುಕೊಳ್ಳಬೇಕು.

ಹೀಗಿರುವ ಊರಿನಲ್ಲಿ ದಾಕ್ಷಾಯಣಮ್ಮೋರಿಗೆ ಕೆಲಸಕ್ಕೆ ಬರವಿರಲಿಲ್ಲ. ಹಿಟ್ಟಿನ ಗಿರಣಿಯ ಹಿಂದಿನ ತಗಡಿನ ಮನೆಯಲ್ಲಿ ಅವರ ಕಲ್ಲಚ್ಚಿನ ಮಿಷನ್ನು ಇತ್ತು. ಮನೆಯಲ್ಲಿ ವಯಸ್ಸಾದವರು ಹಾಸಿಗೆ ಹಿಡಿದರೆ ಜನ ಅವರ ಪ್ರೀತಿಯ ಸಾಮಾನನ್ನು ಹೊತ್ತು ಅಲ್ಲಿಗೆ ಬರುತ್ತಿದ್ದರು: ಅಜ್ಜನ ನಶ್ಯದ ಡಬ್ಬಿ, ಅತ್ತೆಯ ಸ್ವೆಟರು, ಹಲ್ಲಿನ ಸೆಟ್ಟು. ಅವರು ಸಾಮಾನನ್ನು ನೋಡುವುದಕ್ಕಿಂತ ಹೆಚ್ಚಾಗಿ, ತಂದವರ ಬಾಯಿಂದ ಅದರ ನೆನಪನ್ನು ಹೇಳಿಸುತ್ತಿದ್ದರು. ಆಮೇಲೆ ಕಲ್ಲಿನ ಮೇಲೆ ಬರೆದು ಬಣ್ಣದಲ್ಲಿ ಅಚ್ಚು ಹಾಕುತ್ತಿದ್ದರು. ನಶ್ಯದ ಡಬ್ಬಿ ಬರೀ ಸ್ಟೀಲಿನದು. ಅವರು ಹಾಕಿದ್ದು ಮಾವಿನಹಣ್ಣಿನ ಬಣ್ಣ. ಯಾಕೆಂದರೆ ಅಜ್ಜ ಅದನ್ನು ತೆರೆಯುವಾಗೆಲ್ಲ ಮೊಮ್ಮಗನನ್ನು ಮಾವಿನ ತೋಟದ ಕಟ್ಟೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಆಮೇಲೆ ಡಬ್ಬಿ ಹೊರಟುಹೋದರೂ ಗೋಡೆಯ ಮೇಲೆ ಆ ಬಣ್ಣ ಇರುತ್ತಿತ್ತು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ಅತ್ತಿಗೆ. "ಮಾತಾಡೋ ಕೆಲಸ ಇವಳಿಗೆ ಆಗಲ್ಲ ಅಮ್ಮೋರೆ. ಉಜ್ಜೋ ಕೆಲಸ ಏನಾದ್ರೂ ಇದ್ರೆ ಹೇಳಿ" ಎಂದಳು. ಇತ್ತು. ಮೇಜಿನಗಲದ ಏಳು ಕಲ್ಲು, ಒಂದೊಂದು ಬಣ್ಣಕ್ಕೆ ಒಂದೊಂದು. ಅಚ್ಚು ಮುಗಿದ ಮೇಲೆ ಮರಳು, ನೀರು ಹಾಕಿ ಹಳೆಯ ಚಿತ್ರ ಅಳಿಸುವವರೆಗೂ ಉಜ್ಜಬೇಕು, ಆಗ ಅದು ಹೊಸ ಕಲ್ಲು. ನನ್ನ ಹೆಸರು ಸುಗಂಧಿ. ಕೆಲಸಕ್ಕೆ ಸೇರಿದ ಮೇಲೆ ಮೈಯೆಲ್ಲ ಸೀಮೆಎಣ್ಣೆ ನಾತ. ಹೆಸರು ಕರೆದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನನಗೆ ಅದೇ ಹಿತವಾಗಿತ್ತು.

ಆ ಕಲ್ಲಿನ ಗುಣ ಒಂದೇ: ಅದು ಜಿಡ್ಡನ್ನು ಮರೆಯುವುದಿಲ್ಲ. ಜಿಡ್ಡಿನ ಕಡ್ಡಿಯಲ್ಲಿ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಶಾಯಿ ಉರುಳಿಸಿದರೆ, ಶಾಯಿ ಜಿಡ್ಡಿದ್ದಲ್ಲಿ ಮಾತ್ರ ಹತ್ತುತ್ತದೆ. ಹಾಗಾಗಿ ಬೆರಳು ಸೋಕಿದರೆ ಬೆರಳೂ ಅಚ್ಚಾಗುತ್ತದೆ. ಸೇರಿದ ಹೊಸತರಲ್ಲಿ ನಾನು ಬಗ್ಗಿ ನೋಡುವಾಗ ಎಣ್ಣೆ ಹಚ್ಚಿದ ನನ್ನ ಜಡೆ ಕಲ್ಲಿಗೆ ತಾಗಿ, ಯಾರದೋ ಅಜ್ಜಿಯ ಒರಳಿನ ಚಿತ್ರಕ್ಕೆ ಅಡ್ಡವಾಗಿ ಒಂದು ಹಗ್ಗ ಬಂದುಬಿಟ್ಟಿತು. ದಾಕ್ಷಾಯಣಮ್ಮೋರು ನನ್ನನ್ನು ಬೈಯುತ್ತಿರುವಾಗಲೇ ಆ ಮನೆಯವರು ಬಂದರು. "ಅರೆ, ಅಜ್ಜಿ ಕಟ್ಟಿದ್ದ ಎಮ್ಮೆ ಹಗ್ಗಾನೂ ಹಾಕಿದೀರ!" ಎಂದು ಕಣ್ಣೊರೆಸಿಕೊಂಡು ಹೋದರು. ಅವತ್ತಿನಿಂದ ನಾನು ಜಡೆಯನ್ನು ಗಂಟು ಕಟ್ಟಿ ಮೇಲೆ ಬಟ್ಟೆ ಸುತ್ತಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಉಪ್ಪಿನಕಾಯಿ ಜಾಡಿಯ ಹಾಗೆ ಕಾಣುತ್ತಿದ್ದೆ.

ಹೀಗೆ ವರ್ಷಗಳು ಹೋದವು. ಉಜ್ಜುವುದರಿಂದ ಶಾಯಿ ಕಲಸುವುದಕ್ಕೆ, ಅಲ್ಲಿಂದ ಮಿಷನ್ನಿನ ಚಕ್ರ ತಿರುಗಿಸುವುದಕ್ಕೆ ಬಂದೆ. ಯಾರಾದರೂ ಗಿರಾಕಿ ಬಂದರೆ ಮಾತ್ರ ಮಿಷನ್ನಿನ ಹಿಂದೆ ನಿಲ್ಲುತ್ತಿದ್ದೆ. ಅದು ನನ್ನನ್ನು ಪೂರ್ತಿ ಮುಚ್ಚುವಷ್ಟು ಅಗಲವಿತ್ತು. ಅಷ್ಟು ಚೆನ್ನಾಗಿ ನನ್ನನ್ನು ಕಾಪಾಡಿದ್ದು ಇನ್ನೊಂದಿಲ್ಲ.

ಒಂದು ದಿನ ದಾಕ್ಷಾಯಣಮ್ಮೋರು ಆಸ್ಪತ್ರೆಯಿಂದ ಬಂದವರು ಚೀಲ ಕೂಡ ಇಳಿಸದೆ, "ಇನ್ನು ನನ್ನ ಸಾಮಾನು ಶುರು ಮಾಡೋಣ" ಎಂದರು. ನನಗೆ ಅರ್ಥವಾಯಿತು. ಅವರ ಗಂಡನ ಗಡ್ಡದ ಬ್ರಷ್ಷು ಮೊದಲು ಬಂತು. ಗಂಡ ಸತ್ತಾಗ ಅದು ಹೋಗದೆ ಉಳಿದಿತ್ತು. "ಆ ಮನುಷ್ಯ ವಾರಕ್ಕೊಂದ್ಸಲ ಮುಟ್ತಿದ್ದ. ದಿನಾ ಕಲ್ಲಿನ ಧೂಳು ಹೊಡೀತಿದ್ದವಳು ನಾನು" ಎಂದು ನಕ್ಕರು. ಅದಕ್ಕೆ ಹಳದಿ ಹಾಕಿದೆವು. ಆಮೇಲೆ ನೀಲಿ ಕೊಡೆ, ಊಟದ ಕ್ಯಾರಿಯರ್ರು, ಒಂದೇ ಒಂದು ಗಾಜಿನ ಬಳೆ. ಒಂದೊಂದನ್ನೂ ಬರೆಯುವಾಗ ನೆನಪನ್ನು ಅವರೇ ಹೇಳಿಕೊಂಡು ಅವರೇ ಕೇಳಿಸಿಕೊಳ್ಳುತ್ತಿದ್ದರು. ಬಳೆಯ ಕಥೆಗೆ ಮಾತ್ರ ನನ್ನನ್ನು ಹೊರಗೆ ಕಳಿಸಿದರು. ಅದರ ಬಣ್ಣ ಗುಲಾಬಿ.

ಒಂದು ಬೆಳಿಗ್ಗೆ ಅವರು ಚಕ್ರದ ಮೇಲೆ ಕೈಯಿಟ್ಟು, "ಈ ಮಿಷನ್ನು ನಿನಗೆ ಕಣೇ" ಎಂದರು.

"ಅಯ್ಯೋ ಬೇಡ ಅಮ್ಮೋರೆ!" ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಊಟಕ್ಕೆ ಕರೆದರೂ, ಕುರ್ಚಿ ತೋರಿಸಿದರೂ ನನಗೆ ಬರುವುದು ಅದೊಂದೇ ಮಾತು.

ಅವರು ನನ್ನನ್ನು ದಿಟ್ಟಿಸಿದರು. "ಇದೇ ನೋಡು ನನ್ನ ತಲೆನೋವು. ನಾನು ಕೊಟ್ಟಾಯ್ತು. ನೀನು ತಗೋತೀಯ ಅನ್ನೋ ನಂಬಿಕೆ ನನಗಿಲ್ಲ. ನೀನು ತಗೊಳ್ದೆ ಇದ್ರೆ ಇದು ನನ್ನ ಹಿಂದೇನೇ ಬರತ್ತೆ. ಅಲ್ಲಿ ಇಟ್ಕೊಂಡು ನಾನೇನು ಮಾಡ್ಲಿ? ಇಲ್ಲಿ ಜನ ತಮ್ಮವರ ಸಾಮಾನನ್ನ ಎಲ್ಲಿ ನೋಡ್ಬೇಕು? ಗೋಡೆ ಮೇಲಿನ ಖಾಲಿ ಮೊಳೇಲಾ?"

ಅವತ್ತಿನಿಂದ ಪಾಠ ಶುರುವಾಯಿತು. ದಿನಾ ಕಾಫಿ ಕುಡಿದ ಮೇಲೆ ಅವರು ಮೇಷ್ಟ್ರ ಹಾಗೆ ಸ್ಟೂಲಿನ ಮೇಲೆ ಕೂತು ಕೇಳುವರು: "ಈ ಮಿಷನ್ನು ಯಾರ್ದು?"

"ನಿಮ್ದು ಅಮ್ಮೋರೆ."

"ತಪ್ಪು. ಯಾರ್ದು?"

"ನಮ್... ದು."

"ನಮ್ದು ಅಂದ್ರೆ ಅರ್ಧ ಉಳಿಯತ್ತೆ. ಅರ್ಧ ಮಿಷನ್ನಲ್ಲಿ ಚಕ್ಕುಲಿ ಒತ್ತೀಯಾ? ಸರಿಯಾಗಿ ಹೇಳು."

"ನಂದು."

"ಅದನ್ನ ತಲೆ ತಗ್ಗಿಸ್ಕೊಂಡು ನಿನ್ನ ಕುತ್ತಿಗೆಗೆ ಹೇಳಿದ್ರೆ ಆಗಲ್ಲ. ಮಿಷನ್ನಿಗೆ ಕೇಳಿಸ್ಬೇಕು."

ಕೂಗಿ ಹೇಳಿದರೂ ಅದು ಸುಳ್ಳು ಎಂದು ನನಗೂ ಗೊತ್ತು, ಅವರಿಗೂ ಗೊತ್ತು, ಮಿಷನ್ನಿಗಂತೂ ಗೊತ್ತೇ ಇತ್ತು. ಎಂಟನೇ ಕ್ಲಾಸಿನ ಬ್ಯಾಗನ್ನೇ ತನ್ನದು ಮಾಡಿಕೊಳ್ಳಲಾಗದವಳು ಆಳೆತ್ತರದ ಕಬ್ಬಿಣದ ಮಿಷನ್ನನ್ನು ಹೇಗೆ ಮಾಡಿಕೊಂಡಾಳು? ಅದಿಲ್ಲದಿದ್ದರೆ ನನಗೆ ನಿಲ್ಲಲು ಬೇರೆ ಜಾಗವಿಲ್ಲ ಎನ್ನುವುದೂ ಗೊತ್ತಿತ್ತು. ಮನೆಗೆ ಹೋಗಿ ಹಿತ್ತಿಲಲ್ಲಿ ಕೊಡದ ಒಳಗೆ ಬಾಯಿಟ್ಟು "ನಂದು, ನಂದು" ಎಂದು ಅಭ್ಯಾಸ ಮಾಡಿದೆ. ಅತ್ತಿಗೆ ಬಂದು, "ಕೊಡ ನಿಂದಾದ್ರೆ ನೀನೇ ತುಂಬ್ಸು" ಎಂದಳು.

ಪಾಠದಿಂದ ಉಪಯೋಗವಿಲ್ಲ ಎಂದು ಕಂಡಾಗ ದಾಕ್ಷಾಯಣಮ್ಮೋರು ಬೇರೆ ದಾರಿ ಹಿಡಿದರು. "ನಿನ್ನದೊಂದು ಸಾಮಾನು ತಗೊಂಬಾ. ಬರೆಯೋದೂ ನೀನೇ, ಬಣ್ಣ ಹಾಕೋದೂ ನೀನೇ. ನಾನು ಮಲಗಿರ್ತೀನಿ" ಎಂದರು.

ಮನೆಯೆಲ್ಲ ಹುಡುಕಿದೆ. ಬಾಚಣಿಗೆ ಅತ್ತಿಗೆಯದು. ಚಪ್ಪಲಿ ಅತ್ತಿಗೆಯ ತಂಗಿಯದು. ಚಾದರ ಅಣ್ಣನದು. ಹೆಸರು ಕೂಡ ಪಕ್ಕದ ಮನೆಯವರು ತಮ್ಮ ಮಗುವಿಗೆಂದು ಆರಿಸಿಟ್ಟದ್ದು. ಅದು ಗಂಡು ಹುಟ್ಟಿದ್ದರಿಂದ ವ್ಯರ್ಥವಾಗಬಾರದೆಂದು ನನಗೆ ಬಂತು. ಕೊನೆಗೆ ಬರಿಗೈಯಲ್ಲಿ ಹೋಗಿ, ಕಲ್ಲಿನ ಮುಂದೆ ಕೂತು, ಇಲ್ಲದ ಬ್ಯಾಗನ್ನೇ ಬರೆದೆ.

ಬರೆಯುತ್ತಾ ಹೋದ ಹಾಗೆ ಒಂದೊಂದೇ ಬಂತು. ಮೂಲೆಯ ಹರಿದ ಹೊಲಿಗೆ, ಒಳಗೆ ಸೋರಿದ ಇಂಕಿನ ಕಲೆ, ಅಮ್ಮ ಪಿನ್ನು ಚುಚ್ಚುವಾಗ ಬೆರಳಿಗೆ ಚುಚ್ಚಿಕೊಂಡು "ಹಾಳಾದ್ದು" ಎಂದು ಬಾಯಲ್ಲಿಟ್ಟುಕೊಂಡದ್ದು. ಬ್ಯಾಗಿಗೆ ಕಂದು ಬೇಡ ಎನ್ನಿಸಿತು. ಸ್ಕೂಲಿಗೆ ಹೋಗುವ ದಾರಿಯಲ್ಲಿ ಹೊಂಗೆ ಮರ ಚಿಗುರುತ್ತಿದ್ದ ಬಣ್ಣ ಹಾಕಿದೆ. ಪಿನ್ನಿಗೆ ಕೆಂಪು. ಮೊದಲ ಕಾಗದವನ್ನು ಮಿಷನ್ನಿನಿಂದ ಎತ್ತಿ ನೋಡಿದೆ. ಪಿನ್ನು ಬಲಗಡೆ ಬಂದಿತ್ತು.

ಕಲ್ಲಿನ ಮೇಲೆ ಎಲ್ಲವನ್ನೂ ಎಡಬಲ ತಿರುಗಿಸಿ ಬರೆಯಬೇಕು; ಕಾಗದಕ್ಕೆ ಇಳಿಯುವಾಗ ಅದು ನೇರವಾಗುತ್ತದೆ. ಇದು ಮೊದಲ ದಿನವೇ ಹೇಳಿಕೊಡುವ ಪಾಠ. ಅಷ್ಟು ವರ್ಷ ನೋಡಿಯೂ ನಾನು ಸ್ವಂತ ಚಿತ್ರದಲ್ಲೇ ಮರೆತಿದ್ದೆ. ನಾಚಿಕೆಯಿಂದ ಮಿಷನ್ನಿನ ಹಿಂದೆ ಹೋಗಿ ನಿಂತೆ. ದಾಕ್ಷಾಯಣಮ್ಮೋರು ಹಾಸಿಗೆಯಿಂದ ಎದ್ದುಬಂದು ಕಾಗದ ನೋಡಿ, ಕೆಮ್ಮು ಬರುವವರೆಗೂ ನಕ್ಕರು.

"ಹೊರಗೆ ಬಾರೆ. ಪಿನ್ನು ನಿಜವಾಗಿ ಯಾವ ಕಡೆ ಇತ್ತು?"

"ಎಡಗಡೆ. ಅಮ್ಮ ಚುಚ್ಚಿದ್ದು."

"ಹಾಗಾದ್ರೆ ಇದು ನಿಮ್ಮಮ್ಮನ ಬ್ಯಾಗಲ್ಲ. ಅದು ಹೋಯ್ತು. ಬಲಗಡೆ ಪಿನ್ನಿರೋ ಹಸಿರು ಬ್ಯಾಗು ಈ ಊರಲ್ಲಿ ಇನ್ಯಾರ ಹತ್ರಾನೂ ಇಲ್ಲ, ಹಿಂದೆ ಇರ್ಲೂ ಇಲ್ಲ. ಈಗ ಹೇಳು, ಯಾರ್ದು ಇದು?"

ಅವರ ಕಣ್ಣು ಹೊಳೆಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಹೇಳಿಬಿಡುತ್ತಿದ್ದರು. ನಾನು ಸ್ವಲ್ಪ ಯೋಚಿಸಿ, "ಕಲ್ಲು ನಿಮ್ದಲ್ವಾ ಅಮ್ಮೋರೆ?" ಎಂದೆ.

ಅವರು ಹಣೆ ಹಿಡಿದುಕೊಂಡು ಹೋಗಿ ಮಲಗಿದರು. ಬ್ಯಾಗಿನ ಗೆರೆಗಳಿದ್ದ ಆ ಒಂದು ಕಲ್ಲನ್ನು ಉಜ್ಜಲು ಮಾತ್ರ ಬಿಡಲಿಲ್ಲ. "ಮಿಷನ್ ಮೇಲೇ ಇರ್ಲಿ" ಎಂದರು. ಆ ಕಲ್ಲು ಅಲ್ಲಿರುವಾಗಲೇ, ಒಂದು ಮಧ್ಯಾಹ್ನ, ಕಾಫಿಗೆ ಸಕ್ಕರೆ ಕಡಿಮೆಯಾಯಿತು ಎಂದು ನನ್ನನ್ನು ಒಳಗೆ ಕಳಿಸಿ, ನಾನು ಬರುವಷ್ಟರಲ್ಲಿ ಹೋಗಿಬಿಟ್ಟರು. ಆಗಲೂ ಪಾಠ ಬಾಕಿಯಿತ್ತು.

ಅವರ ತಂಗಿಯ ಮಗ ಪ್ರಭಂಜನ ದೂರದ ಊರಿನಿಂದ ಬಂದ. ಅಲ್ಲಿ ಹೋಟೆಲು ನಡೆಸುತ್ತಿದ್ದನಂತೆ. ಅವನ ಊರಿನಲ್ಲಿ ಸತ್ತವರ ಸಾಮಾನು ಎಲ್ಲಿಗೂ ಹೋಗುವುದಿಲ್ಲ, ಅಟ್ಟದ ಮೇಲೆ ಹಾಗೇ ಕೊಳೆಯುತ್ತದೆಯಂತೆ. ಕೇಳಿ ನಮ್ಮವರು ಪಾಪ ಎಂದರು. ಒಳ್ಳೆಯ ಮನುಷ್ಯ. ದೊಡ್ಡಮ್ಮನ ಕಾಲು ಹಿಡಿದು ಮಗುವಿನ ಹಾಗೆ ಅತ್ತ. ಆಮೇಲೆ ಮಿಷನ್ನಿನ ಸುತ್ತ ಒಂದು ಸುತ್ತು ಬಂದು, "ಇದನ್ನ ಹೋಟೆಲ್ ಮುಂದೆ ಇಡ್ತೀನಿ. ದೊಡ್ಡಮ್ಮನ ನೆನಪಿಗೆ. ಇದೆಲ್ಲ ಮುಗಿದ್ಮೇಲೆ ಲಾರಿ ಬರತ್ತೆ" ಎಂದ. ನಾನು ಅವನ ಹಿಂದೆಯೇ ನಿಂತಿದ್ದೆ. "ಚಕ್ರ ಸ್ವಲ್ಪ ಬಿಗಿ ಇದೆ" ಎಂದು ಮಾತ್ರ ಹೇಳಿದೆ, ಸಾಗಿಸಲು ಅನುಕೂಲವಾಗಲಿ ಎಂಬಂತೆ.

ಹಾರ ಬಾಡಿದ ದಿನ ಎಲ್ಲರೂ ಗೋಡೆಗೆ ಮುಖ ಮಾಡಿ ಕೂತೆವು. ನನ್ನ ಪಕ್ಕ ಅತ್ತಿಗೆ. ಬೆನ್ನ ಹಿಂದೆ ಆಗಾಗ ಸಣ್ಣ ಸದ್ದು: ಕ್ಯಾರಿಯರ್ರಿನ ಮುಚ್ಚಳ, ಕೊಡೆಯ ಕಡ್ಡಿ. ನಾನು ಮನಸ್ಸಿನಲ್ಲಿ "ನಂದು ನಂದು ನಂದು" ಎನ್ನುತ್ತಿದ್ದೆ. ಅದು ಪರೀಕ್ಷೆಗೆ ಮುಂಚೆ ಬಾಯಿಪಾಠ ಮಾಡುವ ಹಾಗಿತ್ತು, ನಾನು ಯಾವ ಪರೀಕ್ಷೆಯಲ್ಲೂ ಹಾಗೆ ಪಾಸಾದವಳಲ್ಲ. ಅತ್ತಿಗೆ ಪಿಸುಗುಟ್ಟಿದಳು: "ಮಿಷನ್ನು ಹೋದ್ರೆ ಬೇಜಾರು ಮಾಡ್ಕೋಬೇಡ. ನಮ್ಮನೇಲಿ ಪಾತ್ರೆ ಇದ್ದೇ ಇದೆ. ನಿನಗೆ ಉಜ್ಜೋದು ರೂಢಿ." ನನ್ನನ್ನು ಸಮಾಧಾನಪಡಿಸಲು ಅವಳಿಗೆ ಬರುವುದು ಅಷ್ಟೇ.

ಆಗ ಕರಿದ ಎಣ್ಣೆಯ ವಾಸನೆ ಬಂತು. ಪ್ರಭಂಜನನಿಗೆ ಗೋಡೆ ನೋಡುತ್ತಾ ಕೂರುವುದು ಬೇಸರವಾಗಿ, ಹಸಿದವರಿಗೆಲ್ಲ ಬೋಂಡಾ ಮಾಡಿಸಿಕೊಂಡು ಬಂದಿದ್ದ. "ತಗೊಳ್ಳಿ, ಬಿಸಿ ಇದೆ" ಎನ್ನುತ್ತಿದ್ದ. ಹಿಂದೆಯೇ ಒಂದು ಸದ್ದು, ಕಲ್ಲಿನ ಮೇಲೆ ಸ್ಟೀಲಿನ ತಟ್ಟೆ ಕೂತ ಸದ್ದು. ನನಗೆ ಆ ಕಲ್ಲಿನ ಪ್ರತಿ ಸದ್ದೂ ಗೊತ್ತು.

ನಾನು ತಿರುಗಿದೆ. ನಮ್ಮೂರಲ್ಲಿ ಆ ಹೊತ್ತಿನಲ್ಲಿ ಯಾರೂ ತಿರುಗುವುದಿಲ್ಲ. ದಾಕ್ಷಾಯಣಮ್ಮೋರ ಚಪ್ಪಲಿ ಬಾಗಿಲಲ್ಲಿತ್ತು, ಒಂದು ಒಳಗೆ, ಒಂದು ಹೊರಗೆ; ನನ್ನನ್ನು ಕಂಡು ಹಾಗೆಯೇ ನಿಂತುಬಿಟ್ಟಿತು. ತಟ್ಟೆ ನನ್ನ ಬ್ಯಾಗಿನ ಮೇಲಿತ್ತು. ಅದರ ತಳದಿಂದ ಎಣ್ಣೆ ಇಳಿಯುತ್ತಿತ್ತು. ಪ್ರಭಂಜನ ಜಿಡ್ಡು ಕೈಯನ್ನು ಮಿಷನ್ನಿಗೆ ಒರೆಸಲು ಹೊರಟಿದ್ದ.

"ಏಯ್! ತೆಗೀರೀ ಅದನ್ನ! ನನ್ನ ಕಲ್ಲು ಅದು! ಆ ಎಣ್ಣೆ ಕೈಯಲ್ಲಿ ನನ್ನ ಮಿಷನ್ ಮುಟ್ಟಿದ್ರೆ ಕೈ ಮುರೀತೀನಿ!"

ಯಾರು ಹೀಗೆ ಕಿರುಚಿದ್ದು ಎಂದು ನಾನೂ ಸುತ್ತ ನೋಡಿದೆ. ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಿದ್ದರು. ಪ್ರಭಂಜನ ತಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದ. "ಅಲ್ಲಮ್ಮ," ಎಂದ, ಸಣ್ಣ ದನಿಯಲ್ಲಿ, "ನಿಂದು ಅಂತ ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ? ಲಾರಿಗೆ ಹೇಳ್ಬಿಟ್ಟಿದೀನಲ್ಲ."

"ಕ್ಷಮಿಸಿ," ಎಂದೆ. "ಬೋಂಡಾ ತಿನ್ನಿ." ಅವನದೇ ಬೋಂಡಾವನ್ನು ಅವನಿಗೇ ಉಪಚಾರ ಮಾಡಿ, ಮತ್ತೆ ಗೋಡೆಗೆ ತಿರುಗಿ ಕೂತೆ. ಕಿವಿ ಕಾದ ಬಾಣಲೆಯಾಗಿತ್ತು. ಒಬ್ಬೊಬ್ಬರೇ ಬೆನ್ನು ತಿರುಗಿಸಿದರು. ಅತ್ತಿಗೆಯ ಭುಜ ಕುಲುಕುತ್ತಿತ್ತು. "ಕೈ ಮುರೀತೀಯಾ? ನೀನು?" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಸಂಜೆ ಎದ್ದು ನೋಡಿದಾಗ ಮನೆ ಬರಿದಾಗಿತ್ತು. ಚಪ್ಪಲಿ ಇಲ್ಲ, ಬ್ರಷ್ಷಿಲ್ಲ, ಸ್ಟೂಲಿಲ್ಲ, ಶಾಯಿಯ ಡಬ್ಬಿಗಳಿಲ್ಲ, ರೋಲರಿಲ್ಲ. ಆರು ಕಲ್ಲುಗಳಿದ್ದ ಕಡೆ ಆರು ಚೌಕ ಗುರುತು. ನಡುವೆ ಮಿಷನ್ನು ಮಾತ್ರ ನಿಂತಿತ್ತು, ಅದರ ಮೇಲೆ ಒಂದೇ ಒಂದು ಕಲ್ಲು, ಕಲ್ಲಿನ ಮೇಲೆ ಬ್ಯಾಗು, ಬ್ಯಾಗಿನ ಒಂದು ಮೂಲೆಯ ಮೇಲೆ ತಟ್ಟೆಯಗಲದ ಎಣ್ಣೆಯ ಉಂಗುರ. ನಾನು ಚಕ್ರ ಹಿಡಿದುಕೊಂಡು ಅತ್ತೆ. ಅವತ್ತು ಅದರ ಹಿಂದೆ ಹೋಗುವುದು ನೆನಪಾಗಲಿಲ್ಲ.

ಮೊದಲ ಗಿರಾಕಿ ಅತ್ತಿಗೆ. ಅವಳ ಅಪ್ಪ ಹಾಸಿಗೆ ಹಿಡಿದಿದ್ದರು. ಸೆರಗಿನಲ್ಲಿ ಮುಚ್ಚಿಕೊಂಡು ಅವರ ಉದ್ದ ಟಾರ್ಚನ್ನು ತಂದಳು. ಬಾಗಿಲಲ್ಲೇ ನಿಂತು ಕಲ್ಲನ್ನು ನೋಡಿ, "ಇರೋದೇ ಒಂದು ಕಲ್ಲು. ಅದ್ರಲ್ಲಿ ನಿನ್ನ ಬ್ಯಾಗಿದೆ. ಬೇಡ ಬಿಡು" ಎಂದಳು. ಒಂದು ಕಲ್ಲಿನಲ್ಲೂ ಎಲ್ಲ ಬಣ್ಣ ಹಾಕಬಹುದು. ಒಂದು ಬಣ್ಣ ಮುಗಿದ ಮೇಲೆ ಉಜ್ಜಿ, ಇನ್ನೊಂದಕ್ಕೆ ಹೊಸದಾಗಿ ಬರೆಯಬೇಕು, ಅಷ್ಟೇ. ಆದರೆ ಮೊದಲು ಬ್ಯಾಗನ್ನು ಅಳಿಸಬೇಕು.

"ಕೂತ್ಕೋ ಅತ್ತಿಗೆ," ಎಂದೆ. "ಟಾರ್ಚಿನ ಕಥೆ ಹೇಳು." ಅವಳು ಹೇಳುತ್ತಿದ್ದಳು: ಅಪ್ಪ ಮುಂದೆ, ಇವಳು ಹಿಂದೆ, ಜಾತ್ರೆಯಲ್ಲಿ ಕೊಂಡ ಬೆಂಡು ಬತ್ತಾಸು ಕೈಯಲ್ಲಿ, ಬೆಳಕು ಕಾಲ ಬುಡಕ್ಕೆ. ನಾನು ಮರಳು ಹಾಕಿ ಉಜ್ಜುತ್ತಾ ಕೇಳಿದೆ. ಹೊಲಿಗೆ ಹೋಯಿತು, ಪಟ್ಟಿ ಹೋಯಿತು, ಕೊನೆಗೆ ಪಿನ್ನು ಹೋಯಿತು. ನನ್ನದೇ ಆದದ್ದನ್ನು ನಾನೇ ಅಳಿಸಿದ್ದು ಅದೇ ಮೊದಲು. ಶಾಯಿ, ಕಡ್ಡಿ ಪೇಟೆಯಿಂದ ತಂದೆ. ರೋಲರಿಗೆ ಅವಳ ಲಟ್ಟಣಿಗೆಯನ್ನೇ ಇಸಕೊಂಡು ಚರ್ಮ ಸುತ್ತಿಕೊಂಡೆ. ಅದನ್ನು ಇನ್ನೂ ವಾಪಸ್ಸು ಕೊಟ್ಟಿಲ್ಲ. ಅವಳು ಕೇಳಿದರೆ, ನನ್ನದು ಎನ್ನುವ ಧೈರ್ಯ ಅಷ್ಟರ ಮಟ್ಟಿಗೆ ಇನ್ನೂ ಬಂದಿಲ್ಲವಾದ್ದರಿಂದ, ಕೇಳಿಸದ ಹಾಗೆ ಚಕ್ರ ತಿರುಗಿಸುತ್ತೇನೆ.

ಟಾರ್ಚು ಚೆನ್ನಾಗಿ ಬಂತು. ಬತ್ತಾಸಿನ ಗುಲಾಬಿ ಬೆಳಕು. ಒಂದೇ ಊನ, ಬಲಗಡೆಯ ಕೆಳಮೂಲೆಯಲ್ಲಿ ಒಂದು ಮಸುಕು ಉಂಗುರ. ಬ್ಯಾಗು ಪೂರ್ತಿ ಹೋಗಿತ್ತು, ಬೋಂಡಾದ ಎಣ್ಣೆ ಹೋಗಿರಲಿಲ್ಲ. ಆಮೇಲೆ ಎಷ್ಟು ಉಜ್ಜಿದರೂ ಅದು ಹೋಗಿಲ್ಲ. ಊರಿನ ಗೋಡೆಗಳ ಮೇಲೆ ಈಗ ನಾನು ಹಾಕಿದ ಅಚ್ಚುಗಳಿವೆ; ಕನ್ನಡಕ, ಎಲೆ ಅಡಿಕೆ ಪೆಟ್ಟಿಗೆ, ಮಗುವಿನ ಟೋಪಿ. ಎಲ್ಲದರ ಮೂಲೆಯಲ್ಲೂ ಆ ಉಂಗುರ. ಜನ ಅದನ್ನು ನನ್ನ ಸಹಿ ಎಂದುಕೊಂಡಿದ್ದಾರೆ. "ಏನು ಸರಳವಾಗಿದೆ ನೋಡ್ರಿ, ಪೂರ್ಣಚಂದ್ರನ ಹಾಗೆ" ಎಂದು ಯಾರೋ ಹೊಗಳಿದರಂತೆ. ಬೋಂಡಾ ತಟ್ಟೆ ಎಂದು ನಾನು ಯಾರಿಗೂ ಹೇಳಿಲ್ಲ. ಬೆರಳಿಟ್ಟು, "ಇದು ನಿಮ್ದಾ?" ಎಂದು ಕೇಳಿದರೆ ತಲೆ ತಗ್ಗಿಸಿ, "ಹೂಂ, ನಂದೇ" ಎನ್ನುತ್ತೇನೆ, ಮಿಷನ್ನಿಗೆ ಕೇಳಿಸುವಷ್ಟು ಗಟ್ಟಿಯಾಗಿ.